ಸಂದರ್ಶನಕ್ಕೆ ಊರನ್ನೂ ಕರೆದೊಯ್ಯಿರಿ

ದಾವಣಗೆರೆಯಲ್ಲಿ ವಿದೇಶದ ಓದು ಎಂದರೆ ಎರಡು ದಾರಿಗಳ ಮಾತೇ ಹೆಚ್ಚು ಕೇಳಿಬರುತ್ತದೆ. ಹೊಲವನ್ನೋ ಮನೆಯನ್ನೋ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಎತ್ತುವುದು ಒಂದು. ಕಂಪನಿ ಸೇರಿ, ಅದು ಕಳಿಸುವ ದಿನಕ್ಕಾಗಿ ಕಾಯುವುದು ಇನ್ನೊಂದು. ಮೂರನೆಯ ದಾರಿಯ ಹೆಸರನ್ನು ಬಹಳ ಮಂದಿ ಕೇಳಿದ್ದರೂ ಅದು ತಮಗಲ್ಲ ಎಂದುಕೊಂಡು ಬಿಟ್ಟಿರುತ್ತಾರೆ. ಅಮೆರಿಕದ ಫುಲ್‌ಬ್ರೈಟ್-ನೆಹರು, ಜರ್ಮನಿಯ ಡಿಎಎಡಿ, ಬ್ರಿಟನ್ನಿನ ಚೀವ್ನಿಂಗ್ ಮತ್ತು ಕಾಮನ್‌ವೆಲ್ತ್ ವಿದ್ಯಾರ್ಥಿವೇತನಗಳು ಆ ದಾರಿಯ ಮುಖ್ಯ ಬಾಗಿಲುಗಳು. 1951ರಲ್ಲಿ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ತನ್ನದೇ ವಿಶ್ವವಿದ್ಯಾಲಯ ಪಡೆದ ಊರು ಈ ಬಾಗಿಲುಗಳ ಮುಂದೆ ಹಿಂಜರಿಯಬೇಕಾದ ಕಾರಣವಿಲ್ಲ. ಆದರೂ ಹಿಂಜರಿಕೆ ಇದೆ, ಮತ್ತು ಅದರ ಬೇರು ಬಹುಪಾಲು ಕೊನೆಯ ಹಂತದಲ್ಲಿ, ಅಂದರೆ ಸಂದರ್ಶನದಲ್ಲಿ ಇದೆ. ನಮ್ಮ ಹುಡುಗರು ಅದನ್ನು ಇಂಗ್ಲಿಷಿನ ಪರೀಕ್ಷೆ ಎಂದು ತಿಳಿದು ಹೆದರುತ್ತಾರೆ. ಆ ಹೆದರಿಕೆಯಲ್ಲಿ ತಮ್ಮ ಕೈಯಲ್ಲಿರುವ ಗಟ್ಟಿ ಬಂಡವಾಳವನ್ನು, ತಮ್ಮ ಊರಿನ ತಿಳಿವಳಿಕೆಯನ್ನು, ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಸೋಲು ಶುರುವಾಗುವುದು ಅಲ್ಲಿಂದ ಎಂಬುದು ನನ್ನ ವಾದ.

ಈ ಸಂಸ್ಥೆಗಳು ಹುಟ್ಟಿದ ಬಗೆಯನ್ನು ನೋಡಿದರೆ ಅವುಗಳ ಪ್ರಶ್ನೆಗಳು ಯಾಕೆ ಹಾಗಿವೆ ಎಂಬುದು ತಿಳಿಯುತ್ತದೆ. ಡಿಎಎಡಿ 1925ರಲ್ಲಿ ಹೈಡೆಲ್‌ಬರ್ಗಿನಲ್ಲಿ ಶುರುವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಸೋತು ಒಂಟಿಯಾಗಿದ್ದ ಜರ್ಮನಿಗೆ ಹೊರಜಗತ್ತಿನ ವಿಶ್ವವಿದ್ಯಾಲಯಗಳ ನಂಟು ಮತ್ತೆ ಬೇಕಾಗಿತ್ತು. ಎರಡನೆಯ ಯುದ್ಧದ ನಂತರ 1950ರಲ್ಲಿ ಬಾನ್ ನಗರದಲ್ಲಿ ಅದನ್ನು ಮತ್ತೆ ಕಟ್ಟಿದರು. ದೆಹಲಿಯಲ್ಲಿ ಅದರ ಕಚೇರಿ ತೆರೆದದ್ದು 1960ರಲ್ಲಿ. ಫುಲ್‌ಬ್ರೈಟ್ ಯೋಜನೆಯೂ ಯುದ್ಧದ ಬೂದಿಯಿಂದಲೇ ಎದ್ದದ್ದು. ಪರದೇಶಗಳಲ್ಲಿ ಉಳಿದುಹೋಗಿದ್ದ ಅಮೆರಿಕದ ಸೇನಾ ಸಾಮಗ್ರಿಯನ್ನು ಮಾರಿ ಬಂದ ಹಣವನ್ನು ವಿದ್ಯಾರ್ಥಿಗಳ ವಿನಿಮಯಕ್ಕೆ ಬಳಸೋಣ ಎಂದು ಅರ್ಕಾನ್ಸಾಸಿನ ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ಮಂಡಿಸಿದ ಕಾಯ್ದೆಗೆ 1946ರ ಆಗಸ್ಟ್ 1ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದರು. ಭಾರತದೊಂದಿಗಿನ ಒಪ್ಪಂದಕ್ಕೆ 1950ರ ಫೆಬ್ರುವರಿ 2ರಂದು ನೆಹರು ಮತ್ತು ಅಮೆರಿಕದ ರಾಯಭಾರಿ ಲಾಯ್ ಹೆಂಡರ್ಸನ್ ಸಹಿ ಮಾಡಿದರು. 2008ರಲ್ಲಿ ಭಾರತ ಸರ್ಕಾರ ಸಮಪಾಲುದಾರನಾಗಿ ಸೇರಿದ ಮೇಲೆ ಹೆಸರಿನಲ್ಲಿ ನೆಹರು ಕೂಡಿಕೊಂಡರು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನ 1959ರದು, ಚೀವ್ನಿಂಗ್ 1983ರದು. ಬಡ ಪ್ರತಿಭಾವಂತನಿಗೆ ನೆರವಾಗುವುದು ಇವುಗಳಲ್ಲಿ ಯಾವುದರ ಮೊದಲ ಉದ್ದೇಶವೂ ಅಲ್ಲ. ವಿನಿಮಯ ಎಂದರೆ ಕೊಡು-ಕೊಳ್ಳುವಿಕೆ. ಹೋಗುವವನ ಕೈಯಲ್ಲಿ ಕೊಡಲು ಏನಿದೆ, ಬರುವಾಗ ಏನು ತರುತ್ತಾನೆ ಎಂಬ ಲೆಕ್ಕದ ಮೇಲೆ ಇವು ನಿಂತಿವೆ.

ನಿಯಮಗಳನ್ನೇ ಓದಿ ನೋಡಿ. ಫುಲ್‌ಬ್ರೈಟ್-ನೆಹರು ಸ್ನಾತಕೋತ್ತರ ಫೆಲೋಶಿಪ್ಪಿಗೆ ಪದವಿಯ ಅಂಕ 55 ಪ್ರತಿಶತ ಇದ್ದರೆ ಸಾಕು, ಆದರೆ ಕನಿಷ್ಠ 3 ವರ್ಷದ ಕೆಲಸದ ಅನುಭವ ಬೇಕು. ಚೀವ್ನಿಂಗಿಗೆ 2 ವರ್ಷ, ಅಂದರೆ ಅವರ ಲೆಕ್ಕದಲ್ಲಿ 2,800 ಗಂಟೆಗಳ ಅನುಭವ. ಡಿಎಎಡಿಯ ಅಭಿವೃದ್ಧಿ ವಿಷಯದ ಸ್ನಾತಕೋತ್ತರ ಕೋರ್ಸುಗಳೂ ಸಾಮಾನ್ಯವಾಗಿ 2 ವರ್ಷದ ಅನುಭವ ಕೇಳುತ್ತವೆ. ಓದು ಮುಗಿದ ಮೇಲೆ ಚೀವ್ನಿಂಗ್ ಪಡೆದವರು 2 ವರ್ಷ ಸ್ವದೇಶದಲ್ಲಿರಬೇಕು. ಫುಲ್‌ಬ್ರೈಟಿನವರು ಹೋಗುವ ಜೆ-1 ವೀಸಾದಲ್ಲೂ 2 ವರ್ಷ ತಾಯ್ನಾಡಿನಲ್ಲಿ ಕಳೆಯಬೇಕೆಂಬ ಷರತ್ತಿದೆ. ಶೇಕಡಾ 98 ಅಂಕ ತೆಗೆದವನಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮ ಪಿಯು ಕಾಲೇಜುಗಳೂ ಕೋಚಿಂಗ್ ಕೇಂದ್ರಗಳೂ ಕಲಿಸಿದ್ದು ಅಂಕವೇ ಅರ್ಹತೆ ಎಂದು. ಇಲ್ಲಿ ಅಂಕ ಹೊಸ್ತಿಲು ದಾಟಿಸುತ್ತದೆ, ಅಷ್ಟೇ. ಒಳಗೆ ಕೂತವರು ಕೇಳುವುದು, ನಿನ್ನ ಬೆನ್ನ ಹಿಂದೆ ಯಾವ ಕೆಲಸವಿದೆ, ನೀನು ಮರಳುವ ಊರಿನಲ್ಲಿ ಆ ಕೆಲಸ ಎಲ್ಲಿಗೆ ಮುಟ್ಟುತ್ತದೆ ಎಂದು.

ಸಂದರ್ಶನದ ಕೋಣೆಯಲ್ಲಿ, ಈಚೆಗೆ ಹೆಚ್ಚಾಗಿ ಕಂಪ್ಯೂಟರಿನ ಪರದೆಯಲ್ಲಿ, ಸಾಮಾನ್ಯವಾಗಿ ಮೂರ್ನಾಲ್ಕು ಜನ ಇರುತ್ತಾರೆ. ಒಬ್ಬರು ವಿಷಯ ಬಲ್ಲವರು, ಒಬ್ಬರು ಬೇರೆಯೇ ವಿಷಯದ ಪ್ರಾಧ್ಯಾಪಕರು, ಅದೇ ಫೆಲೋಶಿಪ್ಪಿನಲ್ಲಿ ಹೋಗಿಬಂದವರೊಬ್ಬರು. ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಮೇಜಿನ ಮೇಲೆ ಅರ್ಜಿ ಇರುತ್ತದೆ, ಪ್ರಶ್ನೆಗಳು ಅದರಿಂದಲೇ ಹುಟ್ಟುತ್ತವೆ. ಈ ವಿಷಯವೇ ಯಾಕೆ? ಇದನ್ನು ಭಾರತದಲ್ಲೇ ಓದಬಾರದೇಕೆ? ಆ ವಿಶ್ವವಿದ್ಯಾಲಯದಲ್ಲಿ ನಿಮಗೆ ಬೇಕಾದವರು ಯಾರು? ನಿಮ್ಮ ಲೆಕ್ಕ ತಪ್ಪಾದರೆ ಏನು ಮಾಡುತ್ತೀರಿ? ಬೇರೆ ವಿಷಯದವರು ಕೇಳುವ ಪ್ರಶ್ನೆ ಎಲ್ಲಕ್ಕಿಂತ ಸರಳವಾಗಿರುತ್ತದೆ, ಹಾಗಾಗಿ ಎಲ್ಲಕ್ಕಿಂತ ಕಷ್ಟದ್ದೂ ಹೌದು: ನಿಮ್ಮ ಕೆಲಸವನ್ನು ನನಗೆ ಅರ್ಥವಾಗುವಂತೆ ಹೇಳಿ. ನಮ್ಮ ವೈವಾ ಪರೀಕ್ಷೆಗಳಲ್ಲಿ ಬೆಳೆದವರು ಎಡವುವುದು ಇಲ್ಲೇ. ವೈವಾದಲ್ಲಿ ವ್ಯಾಖ್ಯೆ ಒಪ್ಪಿಸಿದರೆ ಅಂಕ ಬರುತ್ತದೆ, ಸುಮ್ಮನಿದ್ದರೆ ಹೋಗುತ್ತದೆ. ಆದ್ದರಿಂದ ಗೊತ್ತಿಲ್ಲದ್ದಕ್ಕೂ ಏನಾದರೊಂದು ಹೇಳುವ ಅಭ್ಯಾಸ ಬೇರೂರಿದೆ. ಆಯ್ಕೆ ಸಮಿತಿಯ ಮುಂದೆ ಅದೇ ಅಭ್ಯಾಸ ಮುಳುವಾಗುತ್ತದೆ. ನನಗೆ ಇದು ತಿಳಿದಿಲ್ಲ, ಆದರೆ ತಿಳಿಯಬೇಕಾದರೆ ಇಂಥ ಕಡೆ ಹುಡುಕುತ್ತೇನೆ ಎಂದು ನೇರವಾಗಿ ಹೇಳುವವನಲ್ಲಿ ಅವರಿಗೆ ಒಬ್ಬ ಸಂಶೋಧಕ ಕಾಣುತ್ತಾನೆ.

ಈಗ ದಾವಣಗೆರೆ ಮತ್ತು ಹರಿಹರದ ಅಭ್ಯರ್ಥಿಯ ಬಂಡವಾಳವನ್ನು ಎಣಿಸೋಣ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ ಇದು. ಲಕ್ಕವಳ್ಳಿಯ ಜಲಾಶಯದಿಂದ ಹೊರಟ ನೀರು ಅಚ್ಚುಕಟ್ಟಿನ ಕೊನೆ ಭಾಗಕ್ಕೆ ಮುಟ್ಟಿತೇ ಇಲ್ಲವೇ ಎಂಬುದು ಇಲ್ಲಿ ಬೇಸಿಗೆ ಬೆಳೆಯ ಪ್ರತಿ ಹಂಗಾಮಿನ ಜಗಳ. ಇದೇ ಪ್ರಶ್ನೆಯನ್ನು ಜಲನಿರ್ವಹಣೆ ಕಲಿಸುವ ವಿಶ್ವವಿದ್ಯಾಲಯಗಳು ದೊಡ್ಡ ದೊಡ್ಡ ಹೆಸರಿಟ್ಟು ಅಧ್ಯಯನ ಮಾಡುತ್ತವೆ. ನೀರಾವರಿ ಇಲ್ಲದ ಕಡೆ ಮೆಕ್ಕೆಜೋಳ ಇಡೀ ಹೊಲವನ್ನು ಆವರಿಸಿದೆ. ಒಂದೇ ಬೆಳೆಯನ್ನು ನಂಬಿದ ಮಣ್ಣಿಗೂ ಮನೆಗೂ ಏನಾಗುತ್ತದೆ ಎಂಬುದನ್ನು ಇಲ್ಲಿನ ರೈತನ ಮಗಳು ಪುಸ್ತಕ ನೋಡದೆ ವಿವರಿಸಬಲ್ಲಳು. ನಗರದ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ದುಡಿಯುವವರ ಶ್ವಾಸಕೋಶ ಸಾರ್ವಜನಿಕ ಆರೋಗ್ಯದ ವಿಷಯ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೊದಲ 20 ನಗರಗಳಲ್ಲಿ ಕರ್ನಾಟಕದಿಂದ ಬೆಳಗಾವಿಯ ಜೊತೆ ದಾವಣಗೆರೆಯೂ ಇತ್ತು. ಮಿಲ್ಲುಗಳ ಊರೊಂದು ಶಾಲೆ-ಆಸ್ಪತ್ರೆಗಳ ಊರಾಗಿ ಬದಲಾದ ಬಗೆ ನಗರ ಯೋಜನೆಯ ವಿದ್ಯಾರ್ಥಿಗೆ ಕಣ್ಣೆದುರಿನ ಪಾಠ. ಸಾರ್ವಜನಿಕ ಆರೋಗ್ಯ, ನಗರ ಯೋಜನೆ, ಪರಿಸರ ವಿಜ್ಞಾನ ಇವೆಲ್ಲ ಫುಲ್‌ಬ್ರೈಟ್ ಸ್ನಾತಕೋತ್ತರ ಫೆಲೋಶಿಪ್ಪಿನಲ್ಲಿ ಕಾಣಿಸಿಕೊಂಡಿರುವ ಕ್ಷೇತ್ರಗಳೇ.

ಹರಿಹರದ ಕಥೆ ಇನ್ನೂ ಗಾಢವಾದದ್ದು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ನಾನಾ ಭಾಗದ ವರ್ಕ್‌ಶಾಪುಗಳಲ್ಲಿ ತಿರುಗಿದವು. ಆ ಕಾರ್ಖಾನೆ ನಿಂತಾಗ ಒಂದು ಊರಿನ ಲೆಕ್ಕಾಚಾರವೇ ನಿಂತಿತು. ಹೊಳೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಎದ್ದಿತು. ಅದರೊಂದಿಗೆ ನದಿಯ ನೀರಿನ, ಮೀನಿನ, ದಡದ ಹಳ್ಳಿಗಳ ಪ್ರಶ್ನೆಗಳೂ ಎದ್ದವು. ಆ ಕಂಪನಿಗೆ ತಿರುಳಿಗೆ ಬೇಕಾದ ಮರ ಒದಗಿಸಲು ರಾಜ್ಯ ಸರ್ಕಾರ ಅದರೊಂದಿಗೆ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಸಂಸ್ಥೆ ಮಾಡಿತು. ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿ ನೀಲಗಿರಿ ನೆಡುತೋಪಿಗೆ ಹೋಗುವುದಿತ್ತು. ಅದರ ವಿರುದ್ಧ 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ನಡೆದ ಸತ್ಯಾಗ್ರಹದಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರಿತ್ತು. ಕೊನೆಗೆ ಆ ಜಂಟಿ ಸಂಸ್ಥೆ ಮುಚ್ಚಿತು. ಹೋರಾಟದ ಹಿಂದಿದ್ದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಅಮೆರಿಕದಲ್ಲಿ ಓದಿ, ಅಲ್ಲೇ ಉದ್ಯೋಗದಲ್ಲಿದ್ದು, 1979ರಲ್ಲಿ ಊರಿಗೆ ಮರಳಿದವರು. ಮರಳಿ ಬಂದು ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಹರಿಹರದ ಅಭ್ಯರ್ಥಿ ದೂರದ ಉದಾಹರಣೆ ಹುಡುಕಬೇಕಿಲ್ಲ. ಇಂಥ ನೆಲದಿಂದ ಬಂದವರು, ಜಾಗತಿಕ ತಾಪಮಾನದ ಬಗ್ಗೆ ನನಗೆ ಚಿಕ್ಕಂದಿನಿಂದಲೂ ಆಸಕ್ತಿ ಎಂಬ ಎಲ್ಲರ ಬಾಯಲ್ಲೂ ಇರುವ ವಾಕ್ಯದಿಂದ ಅರ್ಜಿ ಶುರುಮಾಡಿದಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಊರಿನ ಸರಕು ಹೊತ್ತು ಹೋದವರು ಗೆದ್ದದ್ದಕ್ಕೆ ಕನ್ನಡದಲ್ಲೇ ದೊಡ್ಡ ಸಾಕ್ಷಿಗಳಿವೆ. ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ಪಡೆದು ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಅಷ್ಟರಲ್ಲಿ ಅವರು ಬೆಳಗಾವಿಯಂಥ ಕಡೆ ಇಂಗ್ಲಿಷ್ ಮೇಷ್ಟರಾಗಿ ದುಡಿದಿದ್ದರು, ಕನ್ನಡದ ಅಜ್ಜಿಕಥೆಗಳನ್ನು ಕೂಡಿಹಾಕುತ್ತಿದ್ದರು. ಅಮೆರಿಕದಲ್ಲಿ 1963ರಲ್ಲಿ ಮುಗಿಸಿದ ಡಾಕ್ಟರೇಟಿನ ವಿಷಯ ಕನ್ನಡದ ವ್ಯಾಕರಣ. ಭಾಷಾಶಾಸ್ತ್ರದ ಹೊಸ ಸಲಕರಣೆ ಅಲ್ಲಿಯದು, ಅದನ್ನು ಹಚ್ಚಿದ ವಸ್ತು ಇಲ್ಲಿಯದು. ಹತ್ತು ವರ್ಷಗಳ ನಂತರ, 1973ರಲ್ಲಿ, ವಚನಗಳನ್ನು ಇಂಗ್ಲಿಷ್ ಓದುಗರ ಮುಂದಿಟ್ಟ ಅವರ ಪುಸ್ತಕ ಬಂತು. ತೀರ್ಥಹಳ್ಳಿ ಸೀಮೆಯ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋಗಿ ಇಂಗ್ಲಿಷ್ ಸಾಹಿತ್ಯದಲ್ಲಿ ಸಂಶೋಧನೆ ಮಾಡುತ್ತಲೇ ಬರೆದದ್ದು ಮಲೆನಾಡಿನ ಅಗ್ರಹಾರದ ಕಥೆಯಾದ ಸಂಸ್ಕಾರವನ್ನು. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು 1968-69ರಲ್ಲಿ ಷಿಕಾಗೋದಲ್ಲಿ ಪಾಠ ಹೇಳಿದರು. ಈ ಮೂವರೂ ಹೊರಗಿನಿಂದ ಕಲಿತರು. ಆದರೆ ಕೈಬೀಸಿಕೊಂಡು ಹೋದವರಲ್ಲ.

ಇದಕ್ಕೆ ಮೊದಲ ಆಕ್ಷೇಪ ಇಂಗ್ಲಿಷಿನದು. ಮಾತು ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಹೇಳುವ ಭಾಷೆ ತೊದಲಿದರೆ ಸಮಿತಿ ಕೇಳಿಸಿಕೊಳ್ಳುತ್ತದೆಯೇ? ಆಕ್ಷೇಪದಲ್ಲಿ ಹುರುಳಿದೆ, ತಳ್ಳಿಹಾಕುವಂತಿಲ್ಲ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ತೋರಿಸಿದ ಸಂಗತಿಯೊಂದಿದೆ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಅಂಕ ಕೊಡುವಾಗ, ಒಂದು ಗುಣ ಚೆನ್ನಾಗಿ ಕಂಡರೆ ಸಂಬಂಧವಿಲ್ಲದ ಗುಣಗಳಿಗೂ ಹೆಚ್ಚು ಅಂಕ ಕೊಡುತ್ತಿದ್ದರು. ನಿರರ್ಗಳ ಇಂಗ್ಲಿಷ್ ಕೇಳಿದ ಕಿವಿ ಅಲ್ಲಿ ಬುದ್ಧಿಯೂ ಇದೆ ಎಂದು ನಂಬಿಬಿಡುವ ಅಪಾಯ ಇವತ್ತಿಗೂ ಇದೆ. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಾಯಿಗೆ ಬಂದ ಪ್ರಶ್ನೆ ಕೇಳುವ ಸಂದರ್ಶನ ಮುಂದಿನ ಕೆಲಸವನ್ನು ಊಹಿಸುವ ಶಕ್ತಿ 0.38, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳಿ ಒಂದೇ ಅಳತೆಗೋಲಿನಲ್ಲಿ ಅಳೆಯುವ ಸಂದರ್ಶನದ್ದು 0.51 ಎಂದು ಬಂತು. ಪೂರ್ತಿ ಸರಿಯಾದ ಊಹೆಗೆ 1 ಎಂದು ಲೆಕ್ಕ. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಲೆಕ್ಕವನ್ನು ತಿದ್ದಿದಾಗ ಈ ಅಂಕೆಗಳು 0.19 ಮತ್ತು 0.42ಕ್ಕೆ ಇಳಿದವು. ಕಟ್ಟುನಿಟ್ಟಿನ ಸಂದರ್ಶನವೂ ಅರೆಬರೆ ಅಳತೆ. ಲಂಗುಲಗಾಮಿಲ್ಲದ್ದಂತೂ ಕತ್ತಲಲ್ಲಿ ತಡಕಾಡಿದಂತೆ.

ಹಾಗಿದ್ದರೆ ನನ್ನ ವಾದ ಬಿದ್ದುಹೋಯಿತೇ? ಇಲ್ಲ, ಇನ್ನಷ್ಟು ಗಟ್ಟಿಯಾಯಿತು ಎನ್ನುತ್ತೇನೆ. ಮೊದಲ ನೋಟದ ಅನಿಸಿಕೆ ಜಾಗ ಹಿಡಿಯುವುದು ಮಾತಿನಲ್ಲಿ ವಸ್ತು ಇಲ್ಲದಿದ್ದಾಗ. ಇಬ್ಬರು ಅಭ್ಯರ್ಥಿಗಳೂ ಸುಸ್ಥಿರ ಅಭಿವೃದ್ಧಿ ಎಂದೇ ಹೇಳಿದರೆ ಚೆನ್ನಾಗಿ ಹೇಳಿದವನು ಗೆಲ್ಲುತ್ತಾನೆ. ಬೇರೆ ಯಾವುದರಿಂದ ಸಮಿತಿ ಅವರನ್ನು ಬೇರ್ಪಡಿಸಬೇಕು? ಅದೇ ಒಬ್ಬಳು, ನಮ್ಮ ನಾಲೆಯ ತೂಬಿನಲ್ಲಿ ನೀರು ಎಷ್ಟು ದಿನ ಬಿಡುತ್ತಾರೆ, ಮೇಲಿನವರು ಅದರಲ್ಲಿ ಎಷ್ಟು ಎಳೆಯುತ್ತಾರೆ, ನಾನು ಮೂರು ವರ್ಷ ಅಳೆದದ್ದೇನು ಎಂದು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಿದರೆ, ಮುಂದಿನ ಪ್ರಶ್ನೆ ಆ ನೀರಿನ ಬಗ್ಗೆಯೇ ಬರುತ್ತದೆ. ಉಚ್ಚಾರಣೆ ಹಿಂದೆ ಸರಿಯುತ್ತದೆ. ಅಲ್ಲದೆ ಭಾಷೆಯನ್ನು ಅಳೆಯಲು ಐಇಎಲ್‌ಟಿಎಸ್, ಟೋಫೆಲ್‌ನಂಥ ಬೇರೆ ಪರೀಕ್ಷೆಗಳಿವೆ. ಸಂದರ್ಶನಕ್ಕೆ ಬೇಕಾದ ಇಂಗ್ಲಿಷ್ ತನ್ನ ಕೆಲಸವನ್ನು ವಿವರಿಸುವಷ್ಟು, ಅದರ ಮೇಲಿನ ಪ್ರಶ್ನೆಗೆ ತಿರುಗಿ ಉತ್ತರ ಕೊಡುವಷ್ಟು. ಬೆಂಗಳೂರಿನ ಕಾನ್ವೆಂಟಿನ ಇಂಗ್ಲಿಷನ್ನು ಆರು ತಿಂಗಳಲ್ಲಿ ಅನುಕರಿಸಲು ಹೋದರೆ ಅದೂ ಬರುವುದಿಲ್ಲ, ಇದ್ದದ್ದೂ ಹೋಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ನೋವಿನದು. ದೊಡ್ಡ ಸಂಸ್ಥೆಗಳಲ್ಲಿ ಓದಿದವರಿಗೆ ದಾರಿ ತೋರಿಸುವ ಹಿರಿಯರಿದ್ದಾರೆ, ಅರ್ಜಿ ತಿದ್ದಿಕೊಡುವ ಪ್ರಾಧ್ಯಾಪಕರಿದ್ದಾರೆ, ದಾವಣಗೆರೆಯವನಿಗೆ ಯಾರಿದ್ದಾರೆ? ಇದು ನಿಜ, ಮತ್ತು ಇದರ ಮದ್ದು ಅಭ್ಯರ್ಥಿಯೊಬ್ಬನ ಕೈಯಲ್ಲಿಲ್ಲ. ಶಿಫಾರಸು ಪತ್ರದ ವಿಷಯವನ್ನೇ ತೆಗೆದುಕೊಳ್ಳಿ. ನೀನೇ ಬರೆದುಕೊಂಡು ಬಾರಪ್ಪ, ಸಹಿ ಹಾಕುತ್ತೇನೆ ಎನ್ನುವ ಮೇಷ್ಟರು ನಮ್ಮ ರಾಜ್ಯದ ಯಾವ ಊರಿನಲ್ಲೂ ಅಪರೂಪವಲ್ಲ. ಅವರ ಮನಸ್ಸಿನಲ್ಲಿ ಕೆಟ್ಟದ್ದಿರುವುದಿಲ್ಲ. ನೂರಾರು ಹುಡುಗರು, ಮೌಲ್ಯಮಾಪನ, ಕಚೇರಿ ಕೆಲಸ. ಆದರೆ ಅಂಥ ಪತ್ರದಲ್ಲಿ ಶ್ರಮಜೀವಿ, ವಿನಯವಂತ, ಶಿಸ್ತುಗಾರ ಎಂಬ ವಿಶೇಷಣಗಳಿರುತ್ತವೆ, ಒಂದು ಘಟನೆಯೂ ಇರುವುದಿಲ್ಲ. ಈ ಹುಡುಗಿ ಲ್ಯಾಬಿನ ಹಳೆಯ ಯಂತ್ರವನ್ನು ಬಿಚ್ಚಿ ಯಾವ ಭಾಗ ತಪ್ಪು ಅಳತೆ ಕೊಡುತ್ತಿದೆ ಎಂದು ಕಂಡುಹಿಡಿದಳು ಎಂಬ ಒಂದು ವಾಕ್ಯ ಹತ್ತು ವಿಶೇಷಣಗಳಿಗೆ ಸಮ. ಸಮಿತಿ ಆ ಯಂತ್ರದ ಬಗ್ಗೆ ಕೇಳುತ್ತದೆ, ಅವಳು ತನಗೆ ಗೊತ್ತಿರುವುದನ್ನು ಹೇಳುತ್ತಾಳೆ, ಸಂದರ್ಶನ ಅವಳ ಅಂಗಳದಲ್ಲಿ ನಡೆಯುತ್ತದೆ. ಮೇಷ್ಟರು ಅರ್ಧ ದಿನ ಕೊಟ್ಟರೆ ಆಗುವ ಕೆಲಸ ಇದು.

ಮೂರನೆಯದನ್ನು ಹೆಚ್ಚು ಮಂದಿ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಸ್ವಾಭಿಮಾನಿಗಳ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ನಮ್ಮ ಊರಿನ ಹೊಗೆ, ಮುಚ್ಚಿದ ಕಾರ್ಖಾನೆ, ಕೆಟ್ಟ ನೀರು ಇವನ್ನೆಲ್ಲ ಹೊರಗಿನವರ ಮುಂದೆ ಹರವಿ ಹಣ ಕೇಳುವುದು ಊರನ್ನು ಮಾರಿಕೊಂಡಂತಲ್ಲವೇ? ಈ ಸಂಕೋಚವನ್ನು ನಾನು ಗೌರವಿಸುತ್ತೇನೆ. ಅದಕ್ಕಾಗಿಯೇ ಬಡತನದ ಚಿತ್ರಕ್ಕೂ ಪ್ರಶ್ನೆಗೂ ಇರುವ ವ್ಯತ್ಯಾಸ ತಿಳಿದಿರಬೇಕು. ಭಟ್ಟಿಯಲ್ಲಿ ದುಡಿಯುವವರ ಕಷ್ಟವನ್ನು ಕಣ್ಣೀರು ಬರುವಂತೆ ವರ್ಣಿಸಿ ನಿಲ್ಲಿಸುವವನು ಅವರನ್ನು ತನ್ನ ಮೆಟ್ಟಿಲು ಮಾಡಿಕೊಂಡ. ಭಟ್ಟಿಯ ಒಲೆಯನ್ನು ಹೇಗೆ ಬದಲಿಸಿದರೆ ಹೊಗೆ ತಗ್ಗೀತು, ಈವರೆಗೆ ಯಾಕೆ ಬದಲಾಗಿಲ್ಲ, ಮಾಲೀಕರಿಗೂ ಕೂಲಿಗಳಿಗೂ ಅದರಲ್ಲಿ ಏನು ಅಡಚಣೆ ಎಂದು ವಿಚಾರಿಸಿಕೊಂಡು ಬಂದವನು ಆ ಜನರ ಬುದ್ಧಿಯನ್ನೂ ತನ್ನೊಂದಿಗೆ ತಂದಿರುತ್ತಾನೆ. ಅನುಭವಿ ಸಮಿತಿ ಇವರಿಬ್ಬರನ್ನೂ ಎರಡನೆಯ ಪ್ರಶ್ನೆಯಲ್ಲೇ ಗುರುತಿಸುತ್ತದೆ.

ಮರಳಿ ಬರುವ ಮನಸ್ಸಿಲ್ಲದವರ ಮಾತೇನು ಎಂದೂ ಕೇಳಬಹುದು. ಹೊರದೇಶದಲ್ಲಿ ನೆಲೆಸಬೇಕೆಂಬ ಆಸೆ ತಪ್ಪಲ್ಲ. ಅದಕ್ಕೆ ವಿಶ್ವವಿದ್ಯಾಲಯಗಳು ನೇರವಾಗಿ ಕೊಡುವ ಸಹಾಯಕ ಹುದ್ದೆಗಳಿವೆ, ಸಂಶೋಧನಾ ನೆರವುಗಳಿವೆ. ಎರಡು ವರ್ಷದ ಷರತ್ತಿನ ಫೆಲೋಶಿಪ್ಪಿಗೆ ಅರ್ಜಿ ಹಾಕಿ, ಸಮಿತಿಯ ಮುಂದೆ ಹಳ್ಳಿಯ ಸೇವೆಯ ಕನಸು ಹೇಳುವುದು ಮಾತ್ರ ಸುಳ್ಳು. ಸುಳ್ಳನ್ನು ಅರ್ಧ ಗಂಟೆ ಹೊತ್ತುಕೊಂಡು ಕೂರುವುದು ಕಷ್ಟ. ಇನ್ನು ಸಂಸ್ಥೆಗಳು ತಾವೇ ನುಡಿದಂತೆ ನಡೆಯುತ್ತವೆಯೇ ಎಂಬ ಸಂದೇಹಕ್ಕೂ ಈಗ ಕಾರಣವಿದೆ. 2025ರ ಜೂನ್‌ನಲ್ಲಿ ಅಮೆರಿಕದ ಫುಲ್‌ಬ್ರೈಟ್ ಮಂಡಳಿಯ ಬಹುತೇಕ ಎಲ್ಲ ಸದಸ್ಯರು ರಾಜೀನಾಮೆ ಕೊಟ್ಟರು. ತಾವು ಆರಿಸಿದವರಲ್ಲಿ ಅನೇಕರನ್ನು ಸರ್ಕಾರ ಕೈಬಿಟ್ಟಿದೆ ಎಂಬುದು ಅವರ ಆರೋಪ. ಸಂದರ್ಶನದಲ್ಲಿ ಗೆದ್ದವರ ಹಣೆಬರಹವೂ ರಾಜಕೀಯದ ಗಾಳಿಗೆ ಅಲುಗಾಡಬಹುದು ಎಂಬುದನ್ನು ಅಭ್ಯರ್ಥಿ ತಿಳಿದಿರುವುದು ಒಳ್ಳೆಯದು. ಅಮೆರಿಕವೊಂದನ್ನೇ ನಂಬಿ ಕೂರದೆ ಜರ್ಮನಿ, ಬ್ರಿಟನ್ನುಗಳ ಕಡೆಗೂ ಅರ್ಜಿ ಹಾಕಬೇಕು. ಒಂದು ಅರ್ಜಿಗೆಂದು ಊರಿನಲ್ಲಿ ಕೂಡಿಸಿಟ್ಟ ಅಳತೆ, ಟಿಪ್ಪಣಿ, ಮಾತುಕತೆ ಇನ್ನೊಂದಕ್ಕೂ ಒದಗುತ್ತವೆ.

ಉಳಿದದ್ದು ಕಾಲೇಜುಗಳ ಪಾಲಿನ ಕೆಲಸ, ಅದಕ್ಕೆ ದೊಡ್ಡ ಹಣವೇನೂ ಬೇಡ. ಪರದೆಯ ಮೇಲಿನ ಸಂದರ್ಶನದ ಹೊತ್ತಿಗೆ ಕರೆಂಟು ಹೋಗದ, ನೆಟ್‌ವರ್ಕ್ ಕೈಕೊಡದ, ಪಕ್ಕದಲ್ಲಿ ಬಾಗಿಲು ಬಡಿಯದ ಒಂದು ಕೋಣೆ ಬೇಕು. ಹರಿಹರದ ಬಾಡಿಗೆ ಮನೆಯಲ್ಲಿ ಅದು ಸಿಗದಿರಬಹುದು, ಕಾಲೇಜಿನಲ್ಲಿ ಸಿಗಬೇಕು. ಪ್ಲೇಸ್‌ಮೆಂಟ್ ವಿಭಾಗಗಳು ಕಂಪನಿಗಳಿಗಾಗಿ ನಡೆಸುವ ಅಣಕು ಸಂದರ್ಶನವನ್ನೇ ಇಲ್ಲಿಗೆ ಎಳೆದು ತರುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ಬೇಕಾದದ್ದು ಯಾವ ಕೆಲಸಕ್ಕೂ ಒಗ್ಗುವ ಹುಡುಗ, ಇಲ್ಲಿ ಬೇಕಾದದ್ದು ಒಂದೇ ಕೆಲಸವನ್ನು ಬಿಡದೆ ಹಿಡಿದವನು. ಎಂಜಿನಿಯರಿಂಗ್ ಅಭ್ಯರ್ಥಿಯ ಎದುರು ಇತಿಹಾಸದ ಮೇಷ್ಟರನ್ನು, ಸಾಹಿತ್ಯದವಳ ಎದುರು ವೈದ್ಯರನ್ನು ಕೂರಿಸಿ, ನನಗೆ ಅರ್ಥವಾಗುವಂತೆ ಹೇಳಿ ಎಂದು ಕೇಳಿಸಬೇಕು. ಮೊದಲ ಸುತ್ತನ್ನು ಕನ್ನಡದಲ್ಲೇ ನಡೆಸಿದರೆ ಇನ್ನೂ ಒಳ್ಳೆಯದು. ಕನ್ನಡದಲ್ಲಿ ಹೇಳಲಾಗದ್ದು ಇಂಗ್ಲಿಷಿನಲ್ಲೂ ಆಗುವುದಿಲ್ಲ, ಕನ್ನಡದಲ್ಲಿ ಸ್ಪಷ್ಟವಾದದ್ದಕ್ಕೆ ಇಂಗ್ಲಿಷ್ ವಾಕ್ಯ ತಡವಾಗಿಯಾದರೂ ಬರುತ್ತದೆ. ಚೀವ್ನಿಂಗ್ ಅರ್ಜಿ ಆಗಸ್ಟಿನ ಹೊತ್ತಿಗೆ ತೆರೆಯುತ್ತದೆ. ನಾಲೆಯಲ್ಲಿ ಮಳೆಗಾಲದ ಬೆಳೆಗೆ ನೀರು ಹರಿಯುವ ಕಾಲವೂ ಅದೇ. ಕೊನೆ ಭಾಗದ ತೂಬಿನ ಹತ್ತಿರ ಈ ಸಲ ಯಾವ ದಿನ ನೀರು ಬಂತು ಎಂದು ಬರೆದಿಟ್ಟುಕೊಳ್ಳಲು ಒಂದು ನೋಟ್‌ಬುಕ್ ಸಾಕು.